ಮಧುಮೇಹದ ಭೇದವಿಚಾರ

ತಗಡೂರು, ನಂಜನಗೂಡು, ತಿರುಮಕೂಡಲು ನರಸೀಪುರಗಳ ಸೀಮೆಯ ಆಡುಮಾತಿನಲ್ಲಿ ‘ಸಕ್ಕರೆ ಕಾಯಿಲೆ’ ಎಂಬುದು ಒಂದೇ ಹೆಸರು. ವೈದ್ಯರಿಗಾದರೋ ಅದು ಒಂದೇ ರೋಗವಲ್ಲ. ಹೆಸರಿನ ಈ ಏಕತೆ ನಿರಪಾಯವಾದುದಲ್ಲ. ಒಂದು ಬಗೆಯ ರೋಗಿಯು ಪಥ್ಯದಿಂದಲೂ ಮಾತ್ರೆಗಳಿಂದಲೂ ಬಹುಕಾಲ ಬಾಳಬಹುದು. ಇನ್ನೊಂದು ಬಗೆಯವನಿಗೆ ಇನ್ಸುಲಿನ್ ತಪ್ಪಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಸಂಚಕಾರ. ಆದುದರಿಂದ ಈ ಭೇದವನ್ನು ಅರಿಯುವ ಪ್ರಯತ್ನದ ಚರಿತ್ರೆಯು ಕೇವಲ ಶಬ್ದಚರ್ಚೆಯಲ್ಲ.

ಚರಕಸಂಹಿತೆಯು ಪ್ರಮೇಹಗಳನ್ನು 20 ಎಂದು ಎಣಿಸಿ, ಕಫದಿಂದ 10, ಪಿತ್ತದಿಂದ 6, ವಾತದಿಂದ 4 ಎಂದು ವಿಭಾಗಿಸುತ್ತದೆ. ಮಧುಮೇಹವು ಕಡೆಯ ವರ್ಗಕ್ಕೆ ಸೇರಿದುದು. ಈ ಎಣಿಕೆಗೆ ಮೂತ್ರದ ಲಕ್ಷಣಗಳೇ ಮುಖ್ಯ ಆಧಾರ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನವಾದರೋ ರೋಗಿಯನ್ನೇ ನೋಡಿ ‘ಸಹಜ’, ‘ಅಪಥ್ಯನಿಮಿತ್ತ’ ಎಂಬ ಎರಡು ಭೇದಗಳನ್ನು ಹೇಳುತ್ತದೆ. ಮೊದಲನೆಯದು ಮಾತಾಪಿತೃಗಳ ಬೀಜದೋಷದಿಂದ ಬಂದುದು. ಅದರ ರೋಗಿ ಕೃಶನು, ಅಲ್ಪಾಹಾರಿ, ಬಾಯಾರಿಕೆಯುಳ್ಳವನು. ಎರಡನೆಯದು ಆಹಾರದೋಷದಿಂದ ಬಂದುದು. ಅದರ ರೋಗಿ ಸ್ಥೂಲನು, ಬಹುಭೋಜಿ, ಆಸನಶಯನಪ್ರಿಯನು. ಕೃಶನಿಗೆ ಪೋಷಣೆ, ಸ್ಥೂಲನಿಗೆ ಅಪತರ್ಪಣ ಎಂದು ಚಿಕಿತ್ಸೆಯೂ ಬೇರೆ ಬೇರೆ.

ಈ ಎರಡನ್ನು ಇಂದಿನ ಒಂದನೆಯ ಮತ್ತು ಎರಡನೆಯ ವಿಧಗಳೆಂದೇ ಹೇಳಿಬಿಡುವುದು ವಾಡಿಕೆಯಾಗಿದೆ. ಈ ಸಮೀಕರಣವು ಪೂರ್ಣವಾಗಿ ನಿಲ್ಲುವುದಿಲ್ಲ. ಒಂದನೆಯ ವಿಧದಲ್ಲಿ ದೇಹದ ರಕ್ಷಣಾವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುತ್ತದೆ. ಅಂತಹ ರೋಗಿಗಳಲ್ಲಿ ಬಹುಮಂದಿಯ ತಂದೆತಾಯಿಗಳಿಗೆ ಆ ರೋಗವಿರುವುದಿಲ್ಲ. ಮನೆತನದಲ್ಲಿ ಹೆಚ್ಚಾಗಿ ಹರಿದುಬರುವುದು ಎರಡನೆಯದೇ. ಹೀಗೆ ಲಕ್ಷಣದಲ್ಲಿ ಸಾಮ್ಯವಿದ್ದರೂ ಕಾರಣದಲ್ಲಿಲ್ಲ. ರೋಗಿಗಳೆಲ್ಲರೂ ಒಂದೇ ತೆರನಲ್ಲವೆಂದು ಕಂಡುಕೊಂಡುದೇ ಪ್ರಾಚೀನರ ಹಿರಿಮೆ. ಅದಕ್ಕಿಂತ ಹೆಚ್ಚಿನದನ್ನು ಅವರಿಗೆ ಆರೋಪಿಸುವ ಅವಶ್ಯಕತೆಯಿಲ್ಲ.

ಯುರೋಪಿನಲ್ಲಿಯೂ ಮೊದಲ ದಾರಿ ಇದೇ. 1880ರಲ್ಲಿ ಫ್ರಾನ್ಸಿನ ಲಾನ್ಸೆರೋ ಎಂಬ ವೈದ್ಯನು ಕೃಶರ ಮಧುಮೇಹ, ಸ್ಥೂಲರ ಮಧುಮೇಹ ಎಂದು ವಿಂಗಡಿಸಿದನು. 1889ರಲ್ಲಿ ಮೇರಿಂಗ್, ಮಿಂಕೋವ್ಸ್ಕಿ ಎಂಬವರು ಮೇದೋಜೀರಕ ಗ್ರಂಥಿಯನ್ನು ತೆಗೆದ ನಾಯಿಗೆ ಈ ರೋಗ ಬರುವುದನ್ನು ತೋರಿಸಿದರು. 1922ರಲ್ಲಿ ಟೊರೊಂಟೊದಲ್ಲಿ ಇನ್ಸುಲಿನ್ ರೋಗಿಗಳಿಗೆ ಮೊದಲು ದೊರೆಯಿತು. 1936ರಲ್ಲಿ ಹಿಮ್ಸ್‌ವರ್ತನು ಇನ್ಸುಲಿನ್ನಿಗೆ ದೇಹವು ಓಗೊಡುವ ಬಗೆ, ಓಗೊಡದ ಬಗೆ ಎಂದು ಎರಡನ್ನು ಬೇರ್ಪಡಿಸಿದನು. ವಿಂಗಡಣೆಯು ಹೊರಮೈಯನ್ನು ಬಿಟ್ಟು ಒಳವ್ಯಾಪಾರವನ್ನು ಹಿಡಿದುದು ಇಲ್ಲಿಂದ.

ಇಂದು ಉಪವಾಸದ ರಕ್ತದಲ್ಲಿ ಸಕ್ಕರೆಯು 126 ಮಿಲಿಗ್ರಾಂ ಅಥವಾ ಅದಕ್ಕೆ ಮೇಲಿದ್ದು, ಮತ್ತೊಂದು ಪರೀಕ್ಷೆಯಿಂದಲೂ ದೃಢಪಟ್ಟರೆ ರೋಗವುಂಟೆಂದು ನಿರ್ಣಯಿಸುತ್ತಾರೆ. ಆದರೆ ಆ ಅಂಕೆಯು ಅದು ಯಾವ ವಿಧವೆಂದು ಹೇಳಲಾರದು. ಅದಕ್ಕೆ ರೋಗಿಯ ವಯಸ್ಸು, ತೂಕ, ರೋಗವು ಬಂದ ವೇಗ, ಮೂತ್ರದಲ್ಲಿ ಕೀಟೋನು ಇವನ್ನು ನೋಡಬೇಕು. ಸಂದೇಹ ಉಳಿದರೆ, ಸ್ವಂತ ಕೋಶಗಳ ಮೇಲೆ ಎದ್ದ ಪ್ರತಿಕಾಯಗಳನ್ನು ರಕ್ತದಲ್ಲಿ ಹುಡುಕುತ್ತಾರೆ. ಇನ್ಸುಲಿನ್ನಿನೊಡನೆ ಸಮಪ್ರಮಾಣದಲ್ಲಿ ಹೊರಬರುವ ಸಿ-ಪೆಪ್ಟೈಡನ್ನು ಅಳೆದು, ಗ್ರಂಥಿಯಲ್ಲಿ ಇನ್ನೆಷ್ಟು ಶಕ್ತಿ ಉಳಿದಿದೆಯೆಂದು ತಿಳಿಯುತ್ತಾರೆ.

ಕೃಶ, ಸ್ಥೂಲ ಎಂಬ ಹಳೆಯ ಅಳತೆಯು ಸಾಲದೆಂಬುದಕ್ಕೆ ಮೈಸೂರೇ ಸಾಕ್ಷಿ. ಅಲ್ಲಿಯ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ತೂಕವನ್ನೂ ಉದ್ದವನ್ನೂ ಬರೆದಿಟ್ಟಿದ್ದರು. ಆ ಶಿಶುಗಳು ನಡುವಯಸ್ಸಿಗೆ ಬಂದ ಮೇಲೆ ಅವರನ್ನು ಹುಡುಕಿ ಪರೀಕ್ಷಿಸಿದ ಸಂಶೋಧನೆಯು 1998ರಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಗಿಡ್ಡಾಗಿ, ಉದ್ದಕ್ಕೆ ಮೀರಿ ತುಂಬಿಕೊಂಡಿದ್ದವರಲ್ಲಿ, ತಾಯಿಯ ತೂಕ ಹೆಚ್ಚಾಗಿದ್ದವರಲ್ಲಿ ಎರಡನೆಯ ವಿಧವು ಅಧಿಕವಾಗಿತ್ತು. ಚಿಕ್ಕ ಶಿಶುವಿಗೇ ಅಪಾಯವೆಂಬ ಪಾಶ್ಚಾತ್ಯರ ನಿರ್ಣಯಕ್ಕೆ ಇದು ಹೊಂದಲಿಲ್ಲ. ಇನ್ನು ಬಡತನದಲ್ಲಿ ಬೆಳೆದ ಕೃಶರ ಮಧುಮೇಹಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು 1985ರಲ್ಲಿ ಕೊಟ್ಟ ಪ್ರತ್ಯೇಕ ಸ್ಥಾನವನ್ನು 1999ರಲ್ಲಿ ತೆಗೆದುಹಾಕಿತು. 2025ರಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು ಅದನ್ನೇ ಐದನೆಯ ವಿಧವೆಂದು ಅಂಗೀಕರಿಸಿತು.

ಇದರಿಂದ ವ್ಯಕ್ತವಾಗುವುದೇನೆಂದರೆ, ಪಟ್ಟಿಯು ಇನ್ನೂ ಮುಗಿದಿಲ್ಲ. ಹೆಸರಿಲ್ಲದ ರೋಗಿಯು ಪಟ್ಟಿಯಿಂದ ಜಾರಿದನೆಂದು ಅವನ ರೋಗವೇನೂ ಜಾರಿಹೋಗುವುದಿಲ್ಲ.