ಹಿಮದೂರಿನ ಸಂಜೆ ವ್ಯಾಪಾರ

ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್ ಎಂದರೆ ಈಗ ಸ್ಕೀ ನೆನಪಾಗುತ್ತದೆ. ಆದರೆ ಸುಮಾರು 1,800 ಮೀಟರ್ ಎತ್ತರದ ಈ ಊರಿನಲ್ಲಿ ಚಳಿಗಾಲದ ಮೋಜು ಶುರುವಾದಾಗ ಸ್ಕೀ ಕಟ್ಟಿಕೊಂಡು ಜಾರುವವರೇ ಇರಲಿಲ್ಲ. ಬೇಸಿಗೆಯಲ್ಲಿ ಬಂದು ಖನಿಜ ಬುಗ್ಗೆಯ ನೀರಿನಲ್ಲಿ ಮಿಂದು, ಅದನ್ನೇ ಕುಡಿದು, ಚಳಿ ಬೀಳುವ ಮೊದಲೇ ಗಂಟುಮೂಟೆ ಕಟ್ಟುತ್ತಿದ್ದ ಗಿರಾಕಿಗಳನ್ನು ನೆಚ್ಚಿಕೊಂಡ ಊರು ಅದು.

1864ರಲ್ಲಿ ಕುಲ್ಮ್ ಹೋಟೆಲಿನ ಯಜಮಾನ ಯೊಹಾನೆಸ್ ಬಾದ್ರುಟ್, ಹೊರಟು ನಿಂತಿದ್ದ ಇಂಗ್ಲಿಷ್ ಅತಿಥಿಗಳೊಡನೆ ಪಂಥ ಕಟ್ಟಿದ. ಚಳಿಗಾಲದಲ್ಲಿ ಬಂದು ನೋಡಿ. ಇಲ್ಲಿನ ಬಿಸಿಲು ಹಿಡಿಸದಿದ್ದರೆ ದಾರಿಖರ್ಚು ನನ್ನದು, ಹಿಡಿಸಿದರೆ ಬೇಕಾದಷ್ಟು ದಿನ ಇರಿ ಎಂದ. ಬಂದವರು ಈಸ್ಟರ್‌ವರೆಗೂ ಕದಲಲಿಲ್ಲವಂತೆ. ಹೇಳುತ್ತ ಹೇಳುತ್ತ ಕಥೆಗೆ ಬಣ್ಣ ಹತ್ತಿರಬಹುದು, ವ್ಯಾಪಾರದ ಲೆಕ್ಕವಂತೂ ತಪ್ಪಲಿಲ್ಲ.

ಹಗಲೇನೋ ಕೆರೆಯ ಹಿಮಗಡ್ಡೆಯ ಮೇಲೆ ಸ್ಕೇಟಿಂಗು, ಇಳಿಜಾರಿನಲ್ಲಿ ಜಾರುಬಂಡಿ ಎಂದು ಕಳೆಯುತ್ತಿತ್ತು. ಸಂಜೆ? ಸೂರ್ಯ ಬೇಗ ಬೆಟ್ಟದ ಮರೆಗೆ ಸರಿದ ಮೇಲೆ ಅದೇ ಸೂರು, ಅವೇ ಮುಖಗಳು. ಇಂಥ ಕಡೆ ಹೋಟೆಲಿನವನು ಮಾರಬೇಕಾದದ್ದು ಕೋಣೆಯನ್ನಷ್ಟೇ ಅಲ್ಲ, ಸಂಜೆಯನ್ನೂ. 1878ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಕಂಡ ವಿದ್ಯುದ್ದೀಪವನ್ನು ಬಾದ್ರುಟ್ ತರಿಸಿ ಹಚ್ಚಿದ್ದು ಬೇರೆಲ್ಲೂ ಅಲ್ಲ, ಊಟದ ಹಜಾರದಲ್ಲಿ. ಸ್ವಿಟ್ಜರ್ಲೆಂಡಿನ ಮೊದಲ ವಿದ್ಯುದ್ದೀಪ ಅದೇ ಎಂಬುದು ಊರಿನ ಹೆಮ್ಮೆ. 1896ರಲ್ಲಿ ಮಗ ಕಾಸ್ಪರ್ ಪ್ಯಾಲೇಸ್ ಹೋಟೆಲ್ ತೆರೆದ. ಸಂಜೆ ಏಳರ ನಂತರ ಅದರ ಹಜಾರದಲ್ಲಿ ಗಂಡಸರು ಕೋಟು, ಟೈ ಇಲ್ಲದೆ ಕಾಣಿಸಿಕೊಳ್ಳುವಂತಿರಲಿಲ್ಲ. ಈ ಕಟ್ಟಳೆ ಬಹುಕಾಲ ನಡೆಯಿತು.

ಅತಿಥಿಗಳು ಹೊರಗಿನವರಾದರೂ ಅವರ ಬಾಯಿ ಸಿಹಿ ಮಾಡುವ ವಿದ್ಯೆ ಆ ಸೀಮೆಯವರದೇ. ಈ ಊರಿರುವ ಗ್ರಾವ್‌ಬ್ಯುಂಡನ್ ಪ್ರಾಂತ್ಯದ ಬೆಟ್ಟಗಳಲ್ಲಿ ಹೊಟ್ಟೆ ಹೊರೆಯುವುದು ಕಷ್ಟವಾಗಿ ಎಷ್ಟೋ ಮಂದಿ ಮಿಠಾಯಿ ಕಸುಬು ಹಿಡಿದು ವೆನಿಸ್ ಸೇರಿದ್ದರು. 1766ರಲ್ಲಿ ವೆನಿಸ್ ಅವರನ್ನು ಹೊರಗಟ್ಟಿತು. ಅವರು ಯುರೋಪಿನ ಬೇರೆ ಬೇರೆ ನಗರಗಳಲ್ಲಿ ಅಂಗಡಿ ಇಟ್ಟರು. ಸೇಂಟ್ ಮೊರಿಟ್ಜ್ ಇರುವ ಎಂಗಡೀನ್ ಕಣಿವೆಯ ಹೆಸರಾಂತ ತಿನಿಸಾದ ನಟ್ ಕೇಕಿಗೂ ಅವರ ಅಲೆದಾಟಕ್ಕೂ ನಂಟಿದೆ ಎನ್ನುತ್ತಾರೆ. ಬೆಣ್ಣೆ ಹಿಟ್ಟಿನ ಎರಡು ಪದರಗಳ ನಡುವೆ, ಕೆಂಪಗೆ ಕಾಯಿಸಿದ ಸಕ್ಕರೆ ಮತ್ತು ಕೆನೆಯಲ್ಲಿ ಹೊರಳಿಸಿದ ಆಕ್ರೋಟು, ವಾರಗಟ್ಟಲೆ ಕೆಡುವುದಿಲ್ಲ. ತಮಾಷೆಯೆಂದರೆ ಆ ಎತ್ತರದಲ್ಲಿ ಆಕ್ರೋಟಿನ ಮರವೇ ಬೆಳೆಯದು. 1894ರಲ್ಲಿ ಶುರುವಾದ ಹ್ಯಾನ್ಸೆಲ್‌ಮನ್ ಅಂಗಡಿಯಲ್ಲಿ ಈ ಕೇಕು ಇಂದಿಗೂ ಬಿಕರಿಯಾಗುತ್ತದೆ.

1904ರಲ್ಲಿ ರೈಲು ಬಂತು, 1928ರಲ್ಲಿ ಚಳಿಗಾಲದ ಒಲಿಂಪಿಕ್ಸ್. ಜನ ಹೆಚ್ಚಿದಂತೆ ಹೋಟೆಲಿನ ಔಪಚಾರಿಕತೆ ಕೆಲವರಿಗೆ ಬೇಸರ ತರಿಸಿರಬೇಕು. 1936ರಲ್ಲಿ ಪ್ಯಾಲೇಸಿನವರು 1658ರ ಹಳೆಯ ರೈತ ಮನೆಯೊಂದನ್ನು ಚೇಸಾ ವೇಲ್ಯಾ ಎಂಬ ಊಟದ ಮನೆಯಾಗಿಸಿದರು. ಹುಲ್ಲು ಒಟ್ಟುತ್ತಿದ್ದ ಅಟ್ಟ ಈಗ ಪೀಟ್ಸಾ ಜಾಗ. ಅಲ್ಲಿ ಟ್ರಫಲ್ ಅಣಬೆಯ ಪೀಟ್ಸಾಕ್ಕೆ ಸಿರಿವಂತರು ಮುಗಿಬೀಳುತ್ತಾರೆ. ದನಕ್ಕೆ ಮೇವು ಕೂಡಿಟ್ಟ ರೈತ ಆ ಬಿಲ್ಲು ನೋಡಿದ್ದರೆ ಏನೆನ್ನುತ್ತಿದ್ದನೋ! ಮುಂದೆ ಹಾರ್ಟ್ಲಿ ಮಾಥಿಸ್ ಎಂಬ ಬಾಣಸಿಗ ಸುಮಾರು 2,500 ಮೀಟರ್ ಎತ್ತರದ ಕೊರ್ವಿಲ್ಯಾ ಸ್ಕೀ ತಾಣದಲ್ಲಿ, ಸ್ಕೀ ಬೂಟು ತೊಟ್ಟವರಿಗೇ ದುಬಾರಿ ಮೀನುಮೊಟ್ಟೆ ಕ್ಯಾವಿಯರ್ ಬಡಿಸಿ ಹೆಸರಾದ.

ಊಟ ಮುಗಿದ ಮೇಲಿನ ನೃತ್ಯ, ಕುಡಿತಗಳು ಕೊನೆಗೆ ಎರಡು ದಾರಿ ಹಿಡಿದವು. 1974ರಲ್ಲಿ ಸಿರಿವಂತ ಛಾಯಾಗ್ರಾಹಕ ಗುಂಟರ್ ಸಾಕ್ಸ್ ಡ್ರಾಕುಲಾ ಕ್ಲಬ್ ಕಟ್ಟಿದ. ಅದು ಸದಸ್ಯರಿಗೆ ಮತ್ತು ಅವರು ಕರೆತಂದವರಿಗೆ. ಮಿಕ್ಕವರಿಗೆ ಪ್ಯಾಲೇಸಿನ ಕಿಂಗ್ಸ್ ಕ್ಲಬ್ ಇತ್ತು, ಜೇಬು ಗಟ್ಟಿಯಿದ್ದರೆ.