ಹೊಗೆಕೊಳವೆ ಶುಚಿಗೊಳಿಸುವ ಸಲಕರಣೆಗಳು

ಒಲೆಯ ಹೊಗೆಕೊಳವೆಯ ಒಳಮೈಗೆ ಅಂಟಿದ ಮಸಿಯನ್ನು ತೆಗೆಯಲು ಬಳಸುವ ಬ್ರಷ್, ಹಗ್ಗ, ಕೋಲು ಮೊದಲಾದವು ಈ ಗುಂಪಿಗೆ ಸೇರುತ್ತವೆ. ಕೊಳವೆಯನ್ನು ಚಿಮಣಿ ಎಂದೂ ಕರೆಯುತ್ತಾರೆ. ಉತ್ತರ ಕರ್ನಾಟಕದಲ್ಲಿ ಚಿಮಣಿ ಎಂದರೆ ಸೀಮೆಎಣ್ಣೆಯ ದೀಪವೂ ಹೌದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಘಟಕವು ರೂಪಿಸಿದ ಅಸ್ತ್ರ ಒಲೆಗೂ ಇಂತಹ ಕೊಳವೆಯಿದೆ. ಅದು ಕಟ್ಟಿಕೊಂಡರೆ ಹೊಗೆಯೊಂದಿಗೆ ವಾಸನೆಯಿಲ್ಲದ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಅಡುಗೆಮನೆಯಲ್ಲಿ ತುಂಬಿಕೊಳ್ಳುತ್ತದೆ.

ಸೇಡಂ, ಚಿಂಚೋಳಿ ಭಾಗದಲ್ಲಿ ತೊಗರಿ ಕಟ್ಟಿಗೆಯನ್ನು ಉರುವಲಾಗಿ ಬಳಸುತ್ತಾರೆ. ಸರಿಯಾಗಿ ಒಣಗದ ಕಟ್ಟಿಗೆಯ ಮಸಿ ಜಿಗುಟಾಗಿ ಅಂಟುತ್ತದೆ. ಶಹಾಬಾದ್ ಕಲ್ಲು ಹಾಸಿದ ಮಾಳಿಗೆ ಸಮತಟ್ಟಾಗಿರುವುದರಿಂದ ಹಗ್ಗಕ್ಕೆ ಬ್ರಷ್ ಹಾಗೂ ಭಾರ ಕಟ್ಟಿ ಮೇಲಿನಿಂದ ಇಳಿಸುವುದೇ ಅನುಕೂಲ. ತಿರುವುಗಳಿರುವ ಕೊಳವೆಗೆ ಬಾಗುವ ಕೋಲು ಬೇಕು.

ಸಲಕರಣೆಯ ಆಯ್ಕೆಯನ್ನು ಮುಖ್ಯವಾಗಿ ನಿರ್ಧರಿಸುವುದು ಕೊಳವೆಯ ವಸ್ತು. ಇಟ್ಟಿಗೆಯ ಕೊಳವೆಗೆ ಉಕ್ಕಿನ ತಂತಿಯ ಬ್ರಷ್, ತೆಳು ತಗಡಿನ ಕೊಳವೆಗೆ ನೈಲಾನ್ ಬ್ರಷ್ ಸೂಕ್ತ. ಬ್ರಷ್‌ನ ಅಗಲ ಕೊಳವೆಯ ಒಳವ್ಯಾಸಕ್ಕೆ ಸಮನಾಗಿರಬೇಕು. ಕಲ್ನಾರು ಸಿಮೆಂಟಿನ ಹಳೆಯ ಕೊಳವೆಯ ವಿಷಯ ಬೇರೆ: ಅದನ್ನು ಒಣಗಿದ ಸ್ಥಿತಿಯಲ್ಲಿ ಕೆರೆದರೆ ಕ್ಯಾನ್ಸರ್‌ಕಾರಕ ನಾರುಗಳು ಗಾಳಿಗೆ ಸೇರುತ್ತವೆ. ಆದುದರಿಂದ ಅದಕ್ಕೆ ಯಾವ ಬ್ರಷ್ಷನ್ನೂ ಹಾಕದೆ, ಒಡೆಯದಂತೆ ತೆಗೆಸಿ ಬೇರೆ ಕೊಳವೆ ಹಾಕಿಸುವುದು ಲೇಸು.

ಒಲೆ ಪೂರ್ತಿ ಆರಿ ತಣ್ಣಗಾದ ಮೇಲೆಯೇ ಕೆಲಸ ಆರಂಭಿಸಬೇಕು. ಮೂಗು, ಬಾಯಿಗೆ ಮುಖಗವಸು, ಕಣ್ಣಿಗೆ ರಕ್ಷಣಾ ಕನ್ನಡಕ ಅವಶ್ಯ. ಉದುರುವ ಮಸಿ ಹರಡದಂತೆ ಒಲೆಯ ಬಾಯಿಗೆ ಒದ್ದೆ ಗೋಣಿಚೀಲ ಮುಚ್ಚಲಾಗುತ್ತದೆ.