ದೋಣಿಯ ಗೋಡೆಯ ಮೇಲಿನ ಪತ್ರ

ತಾಯ್ನಾಡಿನಿಂದ ಬಂದ ತಂದೆ ತಾಯಿಯರನ್ನು ನಯಾಗರಕ್ಕೋ, ನ್ಯೂಯಾರ್ಕಿನ ಸ್ವಾತಂತ್ರ್ಯದೇವಿಯ ಪ್ರತಿಮೆಗೋ ಕರೆದೊಯ್ದು ದೋಣಿಯಲ್ಲಿ ಕುಳ್ಳಿರಿಸದ ಕನ್ನಡ ಕುಟುಂಬ ಅಮೆರಿಕದಲ್ಲಿ ವಿರಳ. ಅಂತಹ ದೋಣಿಗಳ ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ಒಂದು ಪತ್ರವಿರುತ್ತದೆ. ಅದು ಕೋಸ್ಟ್ ಗಾರ್ಡ್ ನೀಡುವ ತಪಾಸಣಾ ಪತ್ರ. ಎಷ್ಟು ಜನ ಹತ್ತಬಹುದು, ಸಿಬ್ಬಂದಿ ಎಷ್ಟಿರಬೇಕು, ಲೈಫ್ ಜಾಕೆಟ್ಟುಗಳು ಎಷ್ಟು, ಯಾವ ನೀರಿನಲ್ಲಿ ಸಂಚರಿಸಬಹುದು ಎಂಬುದೆಲ್ಲ ಅದರಲ್ಲಿ ನಮೂದಾಗಿರುತ್ತದೆ. ನಾವು ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆಯೇ ಹೊರತು ಓದುವುದಿಲ್ಲ. ಆ ಪತ್ರದ ಒಂದೊಂದು ಸಾಲಿನ ಹಿಂದೆಯೂ ಎಷ್ಟೋ ಮನೆಗಳ ಶೋಕವಿದೆ.

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಈ ದೇಶದ ನದಿಗಳಲ್ಲಿ ಉಗಿದೋಣಿಗಳು ಒಂದರೊಡನೊಂದು ಪಂದ್ಯ ಕಟ್ಟಿ ಓಡುತ್ತಿದ್ದವು. 1838ರ ಏಪ್ರಿಲಿನಲ್ಲಿ ಸಿನ್ಸಿನಾಟಿಯ ಬಳಿ ‘ಮೊಸೆಲ್’ ಎಂಬ ಹೊಸ ದೋಣಿಯ ಬಾಯ್ಲರುಗಳು ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷದ ಜುಲೈನಲ್ಲಿ ಕಾಂಗ್ರೆಸ್ ಮೊದಲ ಕಾಯಿದೆಯನ್ನು ಮಾಡಿತು. ದೋಣಿಯ ಒಡಲನ್ನು ವರ್ಷಕ್ಕೊಮ್ಮೆ, ಬಾಯ್ಲರನ್ನು ಆರು ತಿಂಗಳಿಗೊಮ್ಮೆ ಪರೀಕ್ಷಿಸಬೇಕೆಂದು ಅದು ವಿಧಿಸಿತು. ಆದರೆ ಪರೀಕ್ಷಕನ ಶುಲ್ಕವನ್ನು ದೋಣಿಯ ಒಡೆಯನೇ ಕೊಡಬೇಕಾಗಿದ್ದಿತು! ಅಪಘಾತಗಳು ನಿಲ್ಲಲಿಲ್ಲ. 1852ರಲ್ಲಿ ಇನ್ನೂ ಬಿಗಿಯಾದ ಕಾಯಿದೆ ಬಂದಿತು. ಬಾಯ್ಲರುಗಳನ್ನು ನೀರಿನ ಒತ್ತಡದಿಂದ ಪರೀಕ್ಷಿಸುವುದು, ಚಾಲಕರಿಗೂ ಎಂಜಿನಿಯರುಗಳಿಗೂ ಪರವಾನಗಿ ನೀಡುವುದು ಆಗ ಜಾರಿಗೆ ಬಂದವು. 1871ರಲ್ಲಿ ಉಗಿದೋಣಿ ತಪಾಸಣೆಗೆಂದೇ ಪ್ರತ್ಯೇಕ ಇಲಾಖೆ ಸ್ಥಾಪಿತವಾಯಿತು.

ಹೀಗೆ ಕಾಯಿದೆ, ಇಲಾಖೆ, ಪತ್ರ ಎಲ್ಲವೂ ಇದ್ದ ಕಾಲದಲ್ಲಿಯೇ ‘ಜನರಲ್ ಸ್ಲೋಕಮ್’ ದುರಂತ ಸಂಭವಿಸಿತು. ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಜರ್ಮನ್ ವಲಸಿಗರ ಸೇಂಟ್ ಮಾರ್ಕ್ಸ್ ಲೂಥರನ್ ಚರ್ಚು 1904ರ ಜೂನ್ 15ರಂದು ವಾರ್ಷಿಕ ವನಭೋಜನಕ್ಕಾಗಿ ಆ ದೋಣಿಯನ್ನು ಗೊತ್ತುಮಾಡಿತ್ತು. ನಮ್ಮ ಕನ್ನಡ ಸಂಘಗಳ ಪಿಕ್ನಿಕ್ಕುಗಳಂತೆಯೇ ಎನ್ನಿ. ಅಂದು ಬುಧವಾರ, ಗಂಡಸರು ಕೆಲಸಕ್ಕೆ ಹೋಗಿದ್ದರು. ಹೊರಟ ಸುಮಾರು 1,350 ಜನರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಈಸ್ಟ್ ನದಿಯಲ್ಲಿ ಸಾಗುತ್ತಿದ್ದಾಗ ಬೆಂಕಿ ಹೊತ್ತಿಕೊಂಡಿತು. ನೀರು ಹಾಯಿಸುವ ಮೆದುಗೊಳವೆ ಜೀರ್ಣವಾಗಿ ಒಡೆಯಿತು. ಜೀವರಕ್ಷಕ ದೋಣಿಗಳು ಇದ್ದ ಜಾಗದಿಂದ ಕದಲಲಿಲ್ಲ. ಲೈಫ್ ಜಾಕೆಟ್ಟುಗಳು ಹದಿಮೂರು ವರ್ಷ ಹಳೆಯವು; ಒಳಗಿನ ಕಾರ್ಕು ಪುಡಿಯಾಗಿತ್ತು. ಅವನ್ನು ಮಕ್ಕಳಿಗೆ ತೊಡಿಸಿ ನೀರಿಗಿಳಿಸಿದ ತಾಯಂದಿರು ಕಣ್ಣೆದುರಿಗೇ ಆ ಮಕ್ಕಳು ಮುಳುಗುವುದನ್ನು ಕಂಡರು. ಸತ್ತವರು 1,021 ಜನ.

ಇದೇ ದೋಣಿಯನ್ನು ಸುಮಾರು ಆರು ವಾರಗಳ ಹಿಂದೆಯಷ್ಟೆ ಪರೀಕ್ಷಿಸಿ, ಸುಸ್ಥಿತಿಯಲ್ಲಿದೆಯೆಂದು ಪತ್ರ ನೀಡಲಾಗಿತ್ತು! ನಂತರದ ವಿಚಾರಣೆಯಲ್ಲಿ ಹೊರಬಿದ್ದ ಮತ್ತೊಂದು ಸಂಗತಿ ಇನ್ನೂ ಘೋರವಾದುದು. ಹೊಸ ಜಾಕೆಟ್ಟುಗಳ ತಯಾರಿಕೆಯಲ್ಲಿ ಕಾರ್ಕು ಕಡಿಮೆಯಾದಾಗ, ನಿಯಮದ ತೂಕವನ್ನು ಸರಿದೂಗಿಸಲು ಒಳಗೆ ಕಬ್ಬಿಣದ ತುಂಡುಗಳನ್ನು ಸೇರಿಸಲಾಗುತ್ತಿತ್ತು. ನಿಯಮದ ಅಕ್ಷರ ಉಳಿಯಿತು, ಜೀವ ಉಳಿಯಲಿಲ್ಲ. ಕಪ್ತಾನನಿಗೆ ಸೆರೆಮನೆಯಾಯಿತು, ಪರೀಕ್ಷಕನ ಮೇಲಿನ ಮೊಕದ್ದಮೆಗಳಲ್ಲಿ ತೀರ್ಪೇ ಆಗಲಿಲ್ಲ. ಅಧ್ಯಕ್ಷ ರೂಸ್‌ವೆಲ್ಟರು ನೇಮಿಸಿದ ಆಯೋಗದ ವರದಿಯ ನಂತರ ತಪಾಸಣೆಯ ಕ್ರಮಗಳು ಬಿಗಿಯಾದವು.

ಆದರೂ ಚಿಕ್ಕ ದೋಣಿಗಳು ಬಹುಕಾಲ ಈ ಕಟ್ಟಿಗೆ ಒಳಪಟ್ಟಿರಲಿಲ್ಲ. 1951ರ ಸೆಪ್ಟೆಂಬರ್ 1ರಂದು ಲಾಂಗ್ ಐಲೆಂಡಿನ ಮೊಂಟಾಕ್ ಬಳಿ ‘ಪೆಲಿಕನ್’ ಎಂಬ ಮೀನು ಹಿಡಿಯುವ ವಿಹಾರದೋಣಿ ಮಗುಚಿತು. ಅದರಲ್ಲಿದ್ದ 64 ಜನರಲ್ಲಿ 45 ಜನ ತೀರಿಕೊಂಡರು. ಇಂತಹ ಅಪಘಾತಗಳ ಫಲವಾಗಿ 1956ರ ಕಾಯಿದೆ ಬಂದಿತು. ಆರಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವ ಚಿಕ್ಕ ದೋಣಿಗಳಿಗೂ ತಪಾಸಣೆ ಕಡ್ಡಾಯವಾಯಿತು.

ಹಾಗಾದರೆ ಈಗ ನಿಶ್ಚಿಂತೆಯೇ? 2019ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ‘ಕನ್ಸೆಪ್ಷನ್’ ದೋಣಿಗೆ ರಾತ್ರಿ ಬೆಂಕಿ ಬಿದ್ದು, ಕೆಳಗೆ ಮಲಗಿದ್ದ 34 ಜನ ಸತ್ತರು. ರಾತ್ರಿ ಗಸ್ತು ತಿರುಗಲು ಒಬ್ಬರು ಎಚ್ಚರವಿರಬೇಕೆಂದು ಅದರ ಪತ್ರದಲ್ಲಿಯೇ ಬರೆದಿತ್ತು; ಯಾರೂ ಎಚ್ಚರವಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ನಮ್ಮ ಕಾರವಾರದ ಕೂರ್ಮಗಡದ ನರಸಿಂಹ ಜಾತ್ರೆಗೆ ಹೋಗಿದ್ದ ಭಕ್ತರ ದೋಣಿಯೂ ಸಮುದ್ರದಲ್ಲಿ ಮಗುಚಿ, ಮಕ್ಕಳೂ ಸೇರಿದಂತೆ ಹಲವರು ಮರಳಿ ಬರಲಿಲ್ಲ. ದೇಶ ಯಾವುದಾದರೇನು, ನೀರಿಗೆ ಭೇದವಿಲ್ಲ.

ಪತ್ರ ಬೇಕು, ಅದಿಲ್ಲದ ದೋಣಿಯನ್ನು ಹತ್ತಬಾರದು. ಆದರೆ ಪರೀಕ್ಷಿಸಿದವನ ಪ್ರಾಮಾಣಿಕತೆ, ನಡೆಸುವವನ ಎಚ್ಚರ ಇವೆರಡೂ ಇದ್ದಾಗಲೇ ಆ ಕಾಗದಕ್ಕೆ ಬೆಲೆ. ಮೂರನೆಯದು ನಮ್ಮ ಕಣ್ಣು. ಮುಂದಿನ ಸಲ ಸಂಘದ ವಿಹಾರಕ್ಕೆ ದೋಣಿ ಗೊತ್ತುಮಾಡುವಾಗ ಆ ಗಾಜಿನ ಚೌಕಟ್ಟಿನ ಮುಂದೆ ಎರಡು ನಿಮಿಷ ನಿಲ್ಲೋಣ. ಜನರನ್ನು ಎಣಿಸೋಣ, ಮಕ್ಕಳ ಅಳತೆಯ ಜಾಕೆಟ್ಟು ಎಲ್ಲಿದೆಯೆಂದು ಕೇಳೋಣ. ಸ್ಲೋಕಮ್ ಹತ್ತಿದ ತಾಯಂದಿರಿಗೆ ಕೇಳಬೇಕೆಂದು ತೋರಲಿಲ್ಲ. ಪತ್ರವನ್ನು ಅವರು ನಂಬಿದ್ದರು.